ನಾಲ್ಕು ಕೈಗಳ ದೋಣಿ

ರೆಮಿ ಎರಡೂ ಕೈಗಳನ್ನು ಪಿಯಾನೋದಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ನುಡಿಸುತ್ತಿದ್ದ ಕೃತಿಯ ಮೊದಲ ಭಾಗವಾದ ‘ದೋಣಿ’ ಅರ್ಧ ದಾಟಿತ್ತು. ಮೊದಲಲ್ಲಿ ಬಂದಿದ್ದ ರಾಗ ತಿರುಗಿ ಬರಬೇಕಾದ ಜಾಗ ಅದು. ಕೆಳಗಿನ ಸ್ವರಗಳಲ್ಲಿ ಸಿಡೋನಿಯ ಕೈಗಳು ಅಲೆಯ ಹಿಂದೆ ಅಲೆ ಎಬ್ಬಿಸುತ್ತಲೇ ಇದ್ದವು. ಅವುಗಳ ಮೇಲೆ ತೇಲಬೇಕಾದ ರಾಗ ಮಾತ್ರ ಬರಲಿಲ್ಲ. ಅವಳು ತಲೆ ತಿರುಗಿಸಿ ನೋಡಲಿಲ್ಲ. ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ವರ್ಷಾನುಗಟ್ಟಲೆ ಕೂತವರಿಗೆ ಪಕ್ಕದವರ ಕೈ ಎಲ್ಲಿದೆ ಎಂದು ನೋಡಿ ತಿಳಿಯಬೇಕಾಗಿಲ್ಲ. ಎರಡು ಕೈಯ ಕೆಲಸವನ್ನು ಎಡಗೈಯೊಂದಕ್ಕೇ ಒಪ್ಪಿಸಿ, ಬಲಗೈಯನ್ನು ಅಣ್ಣನ ಎದೆಯ ಮುಂದಿನಿಂದ ಚಾಚಿ, ಅವನ ರಾಗವನ್ನು ತಾನೇ ನುಡಿಸತೊಡಗಿದಳು. ಬೆನ್ನು ಓರೆಯಾಯಿತು. ಕಪ್ಪು ಉಡುಪಿನ ಕಂಕುಳ ಹೊಲಿಗೆ ಚರ್ ಎಂದಿತು.

ಅವಳು ಆ ರಾಗವನ್ನು ಯಾವತ್ತೂ ನುಡಿಸಿದವಳಲ್ಲ. ಕೇಳಿದ್ದಳು, ಅಷ್ಟೆ. ಆದರೂ ಬೆರಳುಗಳು ದಾರಿ ತಪ್ಪಲಿಲ್ಲ. ಮೊಣಕಾಲಿನಿಂದ ರೆಮಿಯ ತೊಡೆಯನ್ನು ಒಮ್ಮೆ ತಳ್ಳಿದಳು. ಇನ್ನೊಮ್ಮೆ ತಳ್ಳಿದಳು. ಕೊನೆಗೆ ಅವನು ಉಸಿರು ಬಿಟ್ಟು, ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವವನ ಹಾಗೆ ಸ್ವಲ್ಪ ಹಿಂದೆ ಸರಿದು, ಕೈಗಳನ್ನು ಎತ್ತಿ ಅವಳ ಕೈಯ ಜಾಗಕ್ಕೆ ತಂದ. ಅವಳು ತನ್ನ ಕೈಯನ್ನು ವಾಪಸು ತೆಗೆದುಕೊಂಡಳು. ದೋಣಿ ದಡ ಸೇರಿತು. ಉಳಿದ ಮೂರು ಭಾಗಗಳೂ ಎಂದಿನಂತೆ ಮುಗಿದವು.

ಸಭೆಯಲ್ಲಿ ಇದ್ದವರು ಬಿಸಿನೀರಿನ ಚಿಕಿತ್ಸೆಗೆ ಬಂದ ಮುದುಕರು, ಮುದುಕಿಯರು. ಮಧ್ಯಾಹ್ನದ ಸ್ನಾನ ಮುಗಿಸಿ, ಮೈಗೆ ಶಾಲು ಸುತ್ತಿಕೊಂಡು, ಗಂಧಕದ ನೀರಿನ ಗ್ಲಾಸನ್ನು ಹೆಣಿಕೆಯ ಚೀಲದಲ್ಲಿ ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದರು. ಅಕ್ಟೋಬರ್ ತಿಂಗಳು, ಇನ್ನೊಂದು ವಾರಕ್ಕೆ ಸ್ನಾನಗೃಹಗಳ ಬಾಗಿಲು ಮುಚ್ಚುತ್ತದೆ. ಮುಕ್ಕಾಲು ಕುರ್ಚಿ ಖಾಲಿ. ಇದ್ದವರು ಮಾತ್ರ ಮನಸಾರೆ ಚಪ್ಪಾಳೆ ತಟ್ಟಿದರು. ಅಣ್ಣತಂಗಿ ಎದ್ದು ನಿಂತು ಬಾಗಿದರು. ಎಂದಿನಂತೆ ರೆಮಿ ಮೊದಲು, ಸಿಡೋನಿ ಆಮೇಲೆ.

ಸಭಾಂಗಣದ ಉಸ್ತುವಾರಿ ನೋಡಿಕೊಳ್ಳುವ ಮದಾಮ್ ಬೊನಾಫು ಬಾಗಿಲ ಬಳಿ ಕಾಯುತ್ತಿದ್ದಳು. "ಎಷ್ಟು ಚೆನ್ನಾಗಿತ್ತು ಮದ್ಮೊಸೆಲ್," ಎಂದಳು ಸಿಡೋನಿಯ ಎರಡೂ ಕೈ ಹಿಡಿದು. "ನೀವು ಹಾಗೆ ಕೈ ಚಾಚಿ ಅಣ್ಣನ ಕಡೆಯಿಂದ ನುಡಿಸಿದ್ರಲ್ಲ, ಹೋದ ವರ್ಷ ಅದು ಇರಲಿಲ್ಲ. ಹೊಸದಾಗಿ ಸೇರಿಸಿದ್ರಾ?"

"ಹೂಂ. ಹೊಸದು," ಎಂದಳು ಸಿಡೋನಿ.

"ಮುಂದಿನ ವರ್ಷಾನೂ ಅದನ್ನ ಬಿಡಬೇಡಿ."

ಬಟ್ಟೆ ಬದಲಿಸಲು ಅವರಿಗೆ ಕೊಟ್ಟಿದ್ದ ಕೋಣೆಯಲ್ಲಿ ಒಗೆದ ಟವೆಲುಗಳು ಸೂರಿನವರೆಗೆ ಪೇರಿಸಿದ್ದವು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಬಟ್ಟೆಯಲ್ಲೂ ಗೋಡೆಯಲ್ಲೂ ಇತ್ತು. ರೆಮಿ ಒಂದು ಮುಕ್ಕಾಲಿಯ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಅರವತ್ತು ದಾಟಿದ ಉದ್ದನೆಯ ಆಳು. ಬಾಗಿ ಕೂತಾಗ ಕೋಟಿನೊಳಗೆ ಯಾರೋ ಕುರ್ಚಿ ಮಡಿಚಿಟ್ಟ ಹಾಗೆ ಕಾಣುತ್ತಿದ್ದ.

"ಕೈ ಸೆಟೆದುಕೊಂಡಿತಾ?" ಸಿಡೋನಿ ಕೇಳಿದಳು.

ಅವನು ಲೇಸು ಬಿಚ್ಚುತ್ತಲೇ ಇದ್ದ.

"ರೆಮಿ, ಕೈ ನೋವಾ ಅಂತ ಕೇಳ್ದೆ."

"ಕೈಗೆ ಏನೂ ಆಗಿಲ್ಲ."

"ಮತ್ತೆ? ಮರ್ತೋಯ್ತಾ?"

"ನನ್ನ ಜಾಗ ಯಾಕೆ ತುಂಬಿಸಿದೆ?" ಎಂದ ಅವನು. ತಲೆ ಎತ್ತಿರಲಿಲ್ಲ. "ಯಾರು ಹೇಳಿದ್ರು ನಿನಗೆ ತುಂಬಿಸು ಅಂತ?"

ಸಿಡೋನಿ ತೋಳೆತ್ತಿದಳು. ಕಂಕುಳ ಹೊಲಿಗೆ ಎಷ್ಟು ಬಿಚ್ಚಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ನಾಳೆ ಮಧ್ಯಾಹ್ನ ಪೈನ್ ಕಾಡಿನ ನಡುವೆ ಇರುವ ವಿಶ್ರಾಂತಿ ಗೃಹವೊಂದರಲ್ಲಿ ಕಛೇರಿಯಿತ್ತು. ಎದೆಯ ಕಾಯಿಲೆಯಿಂದ ಎದ್ದವರು ಅಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಬೇರೆ ಕಪ್ಪು ಉಡುಪು ಅವಳ ಬಳಿ ಇರಲಿಲ್ಲ.

ಆ ನಾಲ್ಕು ಭಾಗಗಳ ಕೃತಿ ಫ್ರಾನ್ಸಿನ ಸಂಗೀತ ರಚನಕಾರ ದೆಬ್ಯುಸಿ ಹೆಸರು ಮಾಡುವುದಕ್ಕೆ ಮುಂಚೆ, ಹರೆಯದಲ್ಲಿ ಬರೆದದ್ದು. ಒಂದೇ ಪಿಯಾನೋದ ಮುಂದೆ ಇಬ್ಬರು ಕೂತು ನುಡಿಸುವಂಥದ್ದು. ಮುಲಾಂ ಪಟ್ಟಣದ ಮನೆಯಲ್ಲಿ ಅದನ್ನು ಇವರಿಗೆ ಕಲಿಸಿದವಳು ತಾಯಿ. ಮಗನನ್ನು ಬಲಕ್ಕೆ ಕೂರಿಸಿದಳು, ರಾಗ ಇರುವುದು ಅಲ್ಲಿ. ಮಗಳನ್ನು ಎಡಕ್ಕೆ ಕೂರಿಸಿದಳು. "ನೀನು ಅವನನ್ನ ಹೊತ್ಕೊಂಡು ಹೋಗ್ಬೇಕು," ಎಂದು ಮಗಳಿಗೆ ಹೇಳಿದ್ದಳು. ಅವಳ ಪ್ರಕಾರ ಅದು ಸಂಗೀತದ ಮಾತು. ಆಮೇಲೆ ಯುದ್ಧ ಬಂತು, ಹೋಯಿತು, ತಾಯಿ ತೀರಿಕೊಂಡಳು, ರೆಮಿ ಯೂಜೆನಿಯನ್ನು ಮದುವೆಯಾದ, ಅಣ್ಣತಂಗಿ ಕೂತ ಜಾಗ ಬದಲಾಗಲಿಲ್ಲ. ಬಿಸಿನೀರಿನ ಊರುಗಳು, ಶಾಲೆಗಳು, ನಗರಸಭೆಯ ಹಜಾರಗಳು, ಶ್ರುತಿ ಕೆಟ್ಟ ಪಿಯಾನೋಗಳು. ಹಳೆ ರೆನೋ ಕಾರಿನಲ್ಲಿ ರೆಮಿ ಓಡಿಸುತ್ತಿದ್ದ, ಸಿಡೋನಿ ಮಡಿಲಲ್ಲಿ ನಕ್ಷೆ ಬಿಡಿಸಿಕೊಂಡು ಕೂರುತ್ತಿದ್ದಳು. ಬೇರೆ ಕೃತಿಗಳನ್ನು ಕಲಿತರು, ಬಿಟ್ಟರು. ಜನ ಕೇಳುತ್ತಿದ್ದದ್ದು ಇದನ್ನೇ.

ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಇಬ್ಬರೂ ಉದ್ಯಾನದ ಕಡೆ ನಡೆದರು. ಪ್ಲಾಟಾನ್ ಮರಗಳ ಎಲೆಯನ್ನು ಗುಡಿಸಿ ರಾಶಿ ಹಾಕಿದ್ದರು. ಬುಗ್ಗೆಯ ಮೇಲಿನ ಗಾಜಿನ ಮಂಟಪದಲ್ಲಿ ಹೆಂಗಸೊಬ್ಬಳು ಗ್ಲಾಸುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ರೆಮಿ ಬಲಗಡೆ ನಡೆಯುತ್ತಿದ್ದ. ಸಿಡೋನಿ ಏನೋ ಹೇಳಿದಳು, ಅವನು ತಿರುಗಲಿಲ್ಲ. ಇತ್ತೀಚೆಗೆ ಅವನು ಹೀಗೆ ಮಾಡುತ್ತಿದ್ದದ್ದನ್ನು ಅವಳು ಸಿಡುಕು ಎಂದುಕೊಂಡಿದ್ದಳು.

"ಇಲ್ಲಿ ಕೂತ್ಕೋ," ಎಂದು ಅವನೇ ಬೆಂಚು ತೋರಿಸಿದ. ಕೂತ ಮೇಲೆ, ಬುಗ್ಗೆಯ ಕಡೆ ನೋಡುತ್ತ, "ಮೇಲಿನ ಸ್ವರಗಳು ನನಗೆ ಕೇಳ್ತಿಲ್ಲ ಸಿಡೋನಿ," ಎಂದ.

"ಇಲ್ಲಿಯ ಪಿಯಾನೋನೇ ಹಾಗೆ. ಹೋದ ವರ್ಷಾನೂ ಮೇಲೆಲ್ಲ ಮಂಕಾಗಿತ್ತು."

"ಯಾವ ಪಿಯಾನೋದಲ್ಲೂ ಕೇಳ್ತಿಲ್ಲ. ಮರ ಕುಟ್ಟಿದ ಹಾಗೆ ಟಕ್ ಟಕ್ ಅನ್ನುತ್ತೆ, ಅಷ್ಟೆ. ಬೆರಳು ಬೀಳೋದು ಕೇಳುತ್ತೆ, ಸ್ವರ ಕೇಳಲ್ಲ. ನಿನ್ನ ಕಡೇದು ಪೂರ್ತಿ ಕೇಳುತ್ತೆ. ಅದನ್ನ ಕೇಳ್ಕೊಂಡು, ನನ್ನದು ಇಲ್ಲೇ ಎಲ್ಲೋ ಇರ್ಬೇಕು ಅಂತ ಅಂದಾಜು ಮಾಡಿ ನುಡಿಸ್ತಿದ್ದೀನಿ."

"ಯಾವತ್ತಿಂದ?"

"ಈಸ್ಟರ್ ಹೊತ್ತಿಗೇ ಹೀಗಿತ್ತು. ಅದಕ್ಕೆ ಮುಂಚೆ ಒಂದೊಂದು ಸ್ವರ ಮಾಯ ಆಗ್ತಿತ್ತು. ಡಾಕ್ಟರು ನೋಡಿದ್ರು. ವಯಸ್ಸು ಅಂದ್ರು, ಇನ್ನೇನು ಹೇಳ್ತಾರೆ."

"ಯೂಜೆನಿಗೆ ಗೊತ್ತಾ?"

"ಅವಳೇ ಡಾಕ್ಟರ ಹತ್ರ ಎಳ್ಕೊಂಡು ಹೋಗಿದ್ದು."

ಸಿಡೋನಿ ಕೈಗವಸನ್ನು ತೆಗೆದು ಮತ್ತೆ ಹಾಕಿಕೊಂಡಳು. ಯೂಜೆನಿಯನ್ನು ಅವಳು ದಿನವೂ ನೋಡುತ್ತಿದ್ದಳು. ಅಣ್ಣನ ಮನೆಯಿದ್ದ ಬೀದಿಯಲ್ಲೇ, ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಿಡೋನಿಯ ವಾಸ. ಭಾನುವಾರದ ಊಟ ಅವರಲ್ಲೇ. ಈಸ್ಟರ್‌ನಿಂದ ಇಲ್ಲಿಯವರೆಗೆ ಎಷ್ಟೋ ಭಾನುವಾರ ಯೂಜೆನಿ ಎದುರಿಗೆ ಕೂತು ಬ್ರೆಡ್ಡಿನ ಬುಟ್ಟಿ ದಾಟಿಸಿದ್ದಳು.

"ಇವತ್ತು ರಾಗ ತಿರುಗಿ ಬರೋ ಹೊತ್ತಿಗೆ ಒಂದು ಯೋಚನೆ ಬಂತು," ರೆಮಿ ಹೇಳಿದ. "ಇಲ್ಲಿ ಕೈ ತೆಗೆದುಬಿಟ್ರೆ ಎಲ್ಲ ನಿಂತುಹೋಗುತ್ತೆ. ನೀನೂ ನಿಲ್ಲಿಸ್ತೀಯ. ನಾಲ್ಕು ಮುದುಕೀರು ಅಯ್ಯೋ ಪಾಪ ಅಂತಾರೆ. ಮದಾಮ್ ಬೊನಾಫು ಒಂದು ಗ್ಲಾಸು ನೀರು ತಂದುಕೊಡ್ತಾಳೆ. ಮುಗಿದುಹೋಯ್ತು, ಬಾಯಿಬಿಟ್ಟು ಯಾರಿಗೂ ಏನೂ ಹೇಳ್ಬೇಕಾಗಿಲ್ಲ. ಬೇಕು ಅಂತಾನೇ ತೆಗೆದೆ ಕಣೇ. ತಪ್ಪಿದ್ದಲ್ಲ."

"ಮತ್ತೆ ಯಾಕೆ ಶುರುಮಾಡ್ದೆ?"

"ನಿನ್ನ ಮೊಣಕೈ ನನ್ನ ಎದೆಗೆ ತಿವೀತಿತ್ತು. ಇನ್ನೇನು ಮಾಡ್ಲಿ."

ಇನ್ನೊಂದು ದಿನವಾಗಿದ್ದರೆ ಸಿಡೋನಿ ನಗುತ್ತಿದ್ದಳು. ಈಗ ಅವಳ ಕಣ್ಣ ಮುಂದೆ ನಾಂತ್ ನಗರದ ರೈಲು ನಿಲ್ದಾಣ, ಜೂನ್ ತಿಂಗಳ ಬಿಸಿಲು, ಮಸ್ಯೂ ಕೆರ್ವೆಲ್ಲಾನ ಟೋಪಿ ಬಂದು ನಿಂತವು. ಪಶ್ಚಿಮ ಕರಾವಳಿಯ ಬ್ರಿಟನಿ ಕಡೆಯವನು, ದನದ ಡಾಕ್ಟರಾಗಿ ಕೆಲಸ ಮುಗಿಸಿದವನು, ಹೆಂಡತಿ ಸತ್ತು ವರ್ಷಗಳಾಗಿದ್ದವು. ಮೂರು ಬೇಸಿಗೆಯ ಹಿಂದೆ ಕಛೇರಿಯಾದ ಮೇಲೆ ಬಂದು, ಎಡಗಡೆ ಕೂರುವವರು ಯಾವತ್ತೂ ಯಾಕೆ ಮೊದಲು ಬಾಗುವುದಿಲ್ಲ ಎಂದು ಕೇಳಿದ್ದ. ಅದು ಹಾಸ್ಯವಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ. ಆಮೇಲೆ ಅವರು ಎಲ್ಲೆಲ್ಲಿ ನುಡಿಸಿದರೂ, ದಾರಿ ಎಷ್ಟೇ ದೂರವಿರಲಿ, ಬರುತ್ತಿದ್ದ. ಈ ಜೂನ್‌ನಲ್ಲಿ ಅವಳೊಬ್ಬಳೇ ನಾಂತ್‌ಗೆ ಹೋಗಿ ಅವನನ್ನು ಕಂಡಾಗ, ವಾಪಸಿನ ರೈಲು ಬರುವ ಮುಂಚೆ, ನಮ್ಮ ಮನೆಗೆ ಬಂದುಬಿಡಿ ಎಂದಿದ್ದ. ಸಿಡೋನಿ ಆಗದು ಎಂದಿದ್ದಳು.

"ನನಗೆ ಜೂನ್‌ನಲ್ಲಿ ಹೇಳಿದ್ರೆ ಏನಾಗ್ತಿತ್ತು ನಿನಗೆ?" ಎಂದಳು.

"ಜೂನ್‌ನಲ್ಲಿ ಏನಿತ್ತು?"

"ಏನಿಲ್ಲ."

"ಆ ದನದ ಡಾಕ್ಟ್ರಾ?"

ಅವಳು ಅವನ ಕಡೆ ತಿರುಗಿದಳು.

"ಮೂರು ವರ್ಷದಿಂದ ಎರಡನೇ ಸಾಲಲ್ಲಿ ಟೋಪಿ ತೊಡೆ ಮೇಲಿಟ್ಕೊಂಡು ಕೂತಿರ್ತಾನೆ. ಕಿವಿ ಹೋಗಿದೆ ನನಗೆ, ಕಣ್ಣು ಹೋಗಿಲ್ಲ," ಎಂದ ರೆಮಿ. "ಈ ಬೇಸಿಗೆ ಕಾಣಿಸ್ಲಿಲ್ಲ. ಸತ್ತುಹೋದ್ನೇನೋ ಅಂದ್ಕೊಂಡಿದ್ದೆ ನಾನು."

"ಸತ್ತಿಲ್ಲ. ಬರಬೇಡಿ ಅಂತ ನಾನೇ ಹೇಳ್ದೆ. ನನ್ನ ಬಿಟ್ರೆ ನಮ್ಮಣ್ಣನ ಪಕ್ಕ ಕೂರೋರು ಯಾರೂ ಇಲ್ಲ, ನಾನಿಲ್ದೆ ಅವನು ನುಡಿಸೋಕಾಗಲ್ಲ, ನುಡಿಸ್ದೆ ಇದ್ರೆ ಅವನು ಬದುಕೋದಿಲ್ಲ ಅಂತ ಹೇಳ್ದೆ. ನಿಲ್ದಾಣದಲ್ಲಿ, ಜನರ ಮಧ್ಯೆ ನಿಂತ್ಕೊಂಡು ಹೇಳ್ದೆ. ಅವಾಗ ನೀನು ಮನೇಲಿ ಕೂತು ಹೆಂಗಪ್ಪಾ ಇದನ್ನ ನಿಲ್ಸೋದು ಅಂತ ಯೋಚನೆ ಮಾಡ್ತಿದ್ದೆ."

"ನನಗೇನು ಗೊತ್ತಿತ್ತು."

"ಗೊತ್ತಿರಲಿಲ್ಲ. ನೀನು ಬಾಯಿ ಬಿಡ್ಲಿಲ್ಲ, ಯೂಜೆನಿ ಬಾಯಿ ಬಿಡ್ಲಿಲ್ಲ. ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತು."

"ನಿನಗೆ ಹೇಗೆ ಹೇಳ್ಲಿ ಹೇಳು. ಈ ಪಿಯಾನೋ ಬಿಟ್ರೆ ನಿನಗೇನಿದೆ, ಇವಳು ಏನು ಮಾಡ್ತಾಳೆ ಅಂತ ನಾನು ಯೋಚನೆ ಮಾಡ್ತಿದ್ದೆ."

"ನನ್ನ ಬಗ್ಗೆ ಯೋಚನೆ ಮಾಡಿದ್ಯಾ. ಸಂತೋಷ," ಎಂದಳು ಸಿಡೋನಿ.

ಮಂಟಪದ ಹೆಂಗಸು ನೀರಿನ ನಲ್ಲಿಗೆ ಬೀಗ ಹಾಕಿ ಹೊರಗೆ ಬಂದಳು. ಇವರನ್ನು ನೋಡಿ ತಲೆಯಾಡಿಸಿ ಹೋದಳು. ಆಮೇಲೆ ಹೇಳಿದ ಮಾತನ್ನು ರೆಮಿ ಕೋಪದಿಂದ ಹೇಳಲಿಲ್ಲ, ಬೇಸತ್ತವನ ಹಾಗೆ ಹೇಳಿದ.

"ನನ್ನನ್ನ ಬಿಟ್ಟು ಹೋಗೋಕಾಗಲ್ಲ ಅಂತ ಹೇಳ್ದೆ ಅಂತೀಯಲ್ಲ. ಅದು ನಿಜಾನಾ?"

"ಅಂದ್ರೆ?"

"ಅಂದ್ರೆ, ಹೆದರಿಕೆ ಇತ್ತಾ ನಿನಗೆ ಅಂತ. ಈ ವಯಸ್ಸಿನಲ್ಲಿ ಯಾರದೋ ಮನೆ, ಯಾರದೋ ಅಡುಗೆಮನೆ. ಅದನ್ನ ಅವನಿಗೆ ಹೇಳೋಕೆ ನಾಚಿಕೆ, ನನ್ನ ಹೆಸರು ಹೇಳೋದು ಸುಲಭ. ನಾನು ಕೂಡ ಅದನ್ನೇ ಮಾಡ್ದೆ ಕಣೇ. ನಿನ್ನ ಹೆಸರು ಹೇಳ್ಕೊಂಡು ಸುಮ್ಮನಿದ್ದೆ."

ಸಿಡೋನಿ ಎದ್ದಳು. "ಚಳಿ ಆಗ್ತಿದೆ," ಎಂದು ಹೋಟೆಲಿನ ದಾರಿ ಹಿಡಿದಳು. ಅವನು ಹಿಂದೆ ಬರುವುದು ಎಲೆಗಳ ಸದ್ದಿನಿಂದ ಗೊತ್ತಾಗುತ್ತಿತ್ತು. ಮುಖಕ್ಕೆ ಹೊಡೆದ ಹಾಗಾಗಿತ್ತು ಅವಳಿಗೆ. ಅವನು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಕೆರ್ವೆಲ್ಲಾ ತನ್ನ ಮನೆಯ ಬಗ್ಗೆ, ಹಿತ್ತಲಿನ ಈರುಳ್ಳಿ ಸಾಲುಗಳ ಬಗ್ಗೆ, ಬೆಳಿಗ್ಗೆ ಅಡುಗೆಮನೆಗೆ ಬರುವ ಬಿಸಿಲಿನ ಬಗ್ಗೆ ಹೇಳುತ್ತಿದ್ದಾಗ ಅವಳ ಅಂಗೈ ಬೆವರಿತ್ತು. ಐವತ್ತೇಳು ವರ್ಷದ ಹೆಂಗಸು ಬೆಳಗ್ಗೆ ಎದ್ದು ಇನ್ನೊಬ್ಬರ ಮುಂದೆ ಹಲ್ಲುಜ್ಜುವುದನ್ನು ಕಲಿಯಬೇಕು. ರೈಲು ಬಂದಾಗ ಅವಳಿಗೆ ಆದದ್ದು ದುಃಖ ಎಂದು ಇಷ್ಟು ದಿನ ನಂಬಿದ್ದಳು. ಅದರಲ್ಲಿ ಅರ್ಧ ನಿರಾಳವೂ ಇತ್ತು.

ಹೋಟೆಲಿನ ಊಟದ ಮನೆಯಲ್ಲಿ ಹಸಿರು ಬೇಳೆ, ಸಾಸೇಜು, ಆಮೇಲೆ ಒಂದು ತುಂಡು ಚೀಸ್ ಕೊಟ್ಟರು. ಸುತ್ತ ಕೂತವರು ತಮ್ಮ ಮೂತ್ರಪಿಂಡ, ಕೀಲು, ಯಕೃತ್ತುಗಳ ಸುದ್ದಿ ಹೇಳಿಕೊಳ್ಳುತ್ತಿದ್ದರು. ಸಿಡೋನಿ ತನ್ನ ಸಾಸೇಜನ್ನು ಮುಟ್ಟಲಿಲ್ಲ.

"ಅದನ್ನ ತಿನ್ನಲ್ವಾ?" ರೆಮಿ ಕೇಳಿದ.

ತಟ್ಟೆಯನ್ನು ಅವನ ಕಡೆ ಸರಿಸಿದಳು.

"ಇನ್ನು ಮುಂದೆ ಏನು ಮಾಡ್ತೀಯ?" ಎಂದು ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು.

"ಯೂಜೆನಿ ಅಂಗಡೀಲಿ ಕೂರ್ತೀನಿ. ಗುಂಡಿ, ದಾರ, ಜಿಪ್ಪು. ಗಿರಾಕಿಗಳೆಲ್ಲ ಹೆಂಗಸರು, ಕಿವಿ ಕೇಳ್ದಿದ್ರೆ ಒಳ್ಳೇದೇ ಅಂತಾಳೆ."

"ನಿನಗೆ ಗುಂಡಿ ಬಣ್ಣ ಯಾವುದು ಅಂತ ಕೂಡ ಗೊತ್ತಾಗಲ್ಲ."

"ಕಪ್ಪು ಗೊತ್ತಾಗುತ್ತೆ. ಕಪ್ಪು ಬಟ್ಟೇಲೇ ಬದುಕಿದವನು ನಾನು." ಸಾಸೇಜನ್ನು ಕತ್ತರಿಸುತ್ತ, "ನಾಳೆದೊಂದು ಮುಗಿಸೋಣ," ಎಂದ. "ಅವರು ಕುರ್ಚಿ ಹಾಕಿರ್ತಾರೆ. ಎದೆ ಕಾಯಿಲೆಯವರು, ಬೇಜಾರು ಮಾಡೋದು ಬೇಡ. ಮುಗಿಸಿ, ಮಿಕ್ಕವಕ್ಕೆಲ್ಲ ಫೋನ್ ಮಾಡಿ ಇಲ್ಲ ಅನ್ನೋಣ. ನೀನೇ ಮಾಡ್ಬೇಕು ಫೋನು. ನನಗೆ ಕೇಳಲ್ಲ."

"ಎಲ್ಲಾ ಕೆಲಸ ನಾನೇ ಮಾಡ್ಬೇಕು."

"ಮೊದಲಿಂದ ಹಾಗೇ ಅಲ್ವಾ," ಎಂದ ಅವನು, ಅದನ್ನು ಈಗಷ್ಟೇ ಗಮನಿಸಿದವನ ಹಾಗೆ.

ಬೆಳಿಗ್ಗೆ ಸಿಡೋನಿ ಮದಾಮ್ ಬೊನಾಫುವಿನಿಂದ ಸೂಜಿ ದಾರ ತರಿಸಿಕೊಂಡು ಕಂಕುಳ ಹೊಲಿಗೆ ಸರಿಮಾಡಿದಳು. ಕಾರಿಗೆ ಸೂಟ್‌ಕೇಸು ತುಂಬಿದ ಮೇಲೆ, "ಪೋಸ್ಟ್ ಆಫೀಸಿಗೆ ಹೋಗಿ ಬರ್ತೀನಿ," ಎಂದಳು.

"ಈಗಲೇ ಶುರುಮಾಡ್ತೀಯಾ ಫೋನು? ಊರಿಗೆ ಹೋದ್ಮೇಲೆ ಮಾಡಿದ್ರಾಯ್ತು."

"ಅದಲ್ಲ," ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಕಾರಿನ ಗಾಜು ಒರೆಸತೊಡಗಿದ.

ಪೋಸ್ಟ್ ಆಫೀಸಿನ ಹುಡುಗಿ ನಂಬರು ತಿರುಗಿಸಿ, ಬಾಗಿಲ ಪಕ್ಕದ ಬೂತಿಗೆ ಹೋಗುವಂತೆ ಸನ್ನೆ ಮಾಡಿದಳು. ಒಳಗೆ ಯಾರದೋ ಸಿಗರೇಟಿನ ವಾಸನೆ ಇತ್ತು. ಸಿಡೋನಿ ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹಲೋ," ಎಂದಿತು ಅಲ್ಲಿಂದ ದನಿ. ಹಿಂದೆ ನಾಯಿ ಬೊಗಳುತ್ತಿತ್ತು.

"ನಾನು. ಸಿಡೋನಿ ಪ್ರಾದೆಲ್."

ನಾಯಿ ಬೊಗಳುತ್ತಲೇ ಇತ್ತು. "ತಡೀರಿ, ಇದನ್ನ ಹೊರಗೆ ಹಾಕ್ತೀನಿ," ಎಂದ ಕೆರ್ವೆಲ್ಲಾ. ಬಾಗಿಲ ಸದ್ದು, ಹೆಜ್ಜೆಯ ಸದ್ದು. "ಹೇಳಿ. ನಿಮ್ಮಣ್ಣನಿಗೆ ಏನಾದ್ರೂ ಆಯ್ತಾ?"

"ಅವನಿಗೆ ಕಿವಿ ಕೇಳಿಸ್ತಿಲ್ಲ. ನಾವು ನುಡಿಸೋದು ನಿಲ್ಲಿಸ್ತಿದ್ದೀವಿ."

"ಹಾಗಾ." ಕುರ್ಚಿ ಎಳೆದ ಸದ್ದಾಯಿತು. "ಅದಕ್ಕೆ ನನಗೆ ಫೋನ್ ಮಾಡಿದ್ರಾ? ಅಣ್ಣ ಬೇಡ ಅಂದ, ಇನ್ನು ಇವನಿದ್ದಾನೆ ಅಂತ?"

ಸಿಡೋನಿಗೆ ಇದು ನ್ಯಾಯವಾದ ಪ್ರಶ್ನೆ ಎನಿಸಿತು. ಗಾಜಿನ ಆಚೆ, ಸಾಲಿನಲ್ಲಿ ನಿಂತಿದ್ದ ಮುದುಕನೊಬ್ಬ ಅವಳನ್ನೇ ನೋಡುತ್ತಿದ್ದ. ಅವನಿಗೆ ಬೆನ್ನು ಹಾಕಿ ನಿಂತಳು.

"ಜೂನ್‌ನಲ್ಲಿ ನಾನು ನಿಮಗೆ ಹೇಳಿದ್ದು ಪೂರ್ತಿ ನಿಜ ಅಲ್ಲ," ಎಂದಳು. "ಅಣ್ಣನಿಗೋಸ್ಕರ ಅಂದೆ. ನನಗೆ ಹೆದರಿಕೆ ಇತ್ತು. ಅದನ್ನ ಹೇಳಲಿಲ್ಲ."

"ಏನು ಹೆದರಿಕೆ?"

"ನಿಮ್ಮ ಅಡುಗೆಮನೆ."

ಅವನು ನಗಲಿಲ್ಲ. "ಅಡುಗೆಮನೆ ಚಿಕ್ಕದು," ಎಂದ. "ಈಗಲೂ ಇದೆಯಾ ಹೆದರಿಕೆ?"

"ಇದೆ."

"ನನಗೆ ಇನ್ನೂ ಕೋಪ ಇದೆ. ಸುಳ್ಳು ಹೇಳಲ್ಲ. ನಾಂತ್‌ನಿಂದ ವಾಪಸು ಬಂದು ನಾನು ನಿಮ್ಮ ಬಗ್ಗೆ ಒಳ್ಳೆ ಮಾತು ಆಡ್ಲಿಲ್ಲ, ಹಸುಗಳ ಮುಂದೆ ಕೂಡ."

"ಹಸು ಇದೆಯಾ ನಿಮ್ಮಲ್ಲಿ?"

"ಪಕ್ಕದ ಮನೆಯವರದು." ಅವನು ಕೆಮ್ಮಿದ. "ಇನ್ನೊಂದು ವಿಷಯ. ಜೂನ್‌ಗೆ ಮುಂಚೆ ಒಂದು ಪಿಯಾನೋ ತಂದಿಟ್ಟಿದ್ದೆ. ನಿಮಗೆ ಹೇಳಿರಲಿಲ್ಲ. ನೀವು ಬೇಡ ಅಂದ ಮೇಲೆ ಕಣ್ಮುಂದೆ ಇಟ್ಕೊಳ್ಳೋಕೆ ಆಗ್ಲಿಲ್ಲ, ಶಾಲೆಗೆ ಕೊಟ್ಟುಬಿಟ್ಟೆ. ಈಗ ಆ ಜಾಗದಲ್ಲಿ ಬೀರು ಇಟ್ಟಿದ್ದೀನಿ. ವಾಪಸು ಕೇಳೋಕಾಗಲ್ಲ, ಮಕ್ಕಳು ಕಲೀತಿದ್ದಾರೆ."

"ಬೀರು ಅಲ್ಲೇ ಇರ್ಲಿ," ಎಂದಳು ಸಿಡೋನಿ.

"ಪಿಯಾನೋ ಇಲ್ದೆ ನಿಮಗೆ ಆಗುತ್ತಾ?"

"ಗೊತ್ತಿಲ್ಲ. ನೋಡ್ಬೇಕು."

ಹೊರಗೆ ಹಾಕಿದ ನಾಯಿ ಬಾಗಿಲು ಕೆರೆಯುವ ಸದ್ದು ತಂತಿಯ ಮೂಲಕ ಸಣ್ಣಗೆ ಕೇಳುತ್ತಿತ್ತು.

"ನವೆಂಬರ್‌ನಲ್ಲಿ ಇಲ್ಲಿ ಬರೀ ಗಾಳಿ ಮಳೆ," ಎಂದ ಕೊನೆಗೆ. "ಬೇಸಿಗೇಲಿ ಬಂದ್ರೆ ಚೆನ್ನಾಗಿ ಕಾಣುತ್ತೆ. ಆದರೆ ನವೆಂಬರ್‌ನಲ್ಲೇ ಬನ್ನಿ. ಆಗ ನೋಡಿದ್ರೆ ಆಮೇಲೆ ಮೋಸ ಆಯ್ತು ಅನ್ನೋ ಹಾಗಿಲ್ಲ. ಒಂದು ವಾರ ಇರಿ. ಹಿಡಿಸ್ದಿದ್ರೆ ನಾನೇ ರೈಲು ಹತ್ತಿಸ್ತೀನಿ. ಈ ಸಲ ಜಗಳ ಇಲ್ಲ."

"ಕೋಪ?"

"ಅದು ಇರುತ್ತೆ. ಅದಕ್ಕೂ ಒಂದು ಕುರ್ಚಿ ಹಾಕೋಣ."

ಬೂತಿನಿಂದ ಹೊರಬಂದಾಗ ಸಾಲಿನ ಮುದುಕ, "ಎಲ್ಲಾ ಕ್ಷೇಮಾನಾ ಮದಾಮ್?" ಎಂದು ಕೇಳಿದ. ಹೌದು ಎಂದಳು. ತನಗೆ ಮದುವೆಯಾಗಿಲ್ಲ, ಮದ್ಮೊಸೆಲ್ ಎನ್ನಬೇಕು ಎಂದು ತಿದ್ದಲು ಹೋಗಲಿಲ್ಲ.

ಕಾರಿನಲ್ಲಿ ರೆಮಿ ಏನೂ ಕೇಳಲಿಲ್ಲ. ದಾರಿ ಏರುತ್ತ ಹೋಯಿತು. ಬಯಲುಗಳು ಮುಗಿದು ಪೈನ್ ಮರಗಳು ಶುರುವಾದವು. ಒಂದು ತಿರುವಿನಲ್ಲಿ ಹಿಂದಿನಿಂದ ಬಂದ ಲಾರಿ ಎಷ್ಟು ಸಲ ಹಾರ್ನ್ ಮಾಡಿದರೂ ಅವನು ಪಕ್ಕಕ್ಕೆ ಸರಿಯದಿದ್ದಾಗ ಸಿಡೋನಿ ಅವನ ತೋಳು ಮುಟ್ಟಿದಳು. ಅವನು ಸರಿದ. ಲಾರಿ ದಾಟಿ ಹೋಯಿತು.

"ನವೆಂಬರ್‌ನಲ್ಲಿ ಒಂದು ವಾರ ಬ್ರಿಟನಿಗೆ ಹೋಗ್ತೀನಿ," ಎಂದಳು ಅವಳು, ಅವನ ಕಿವಿಯ ಹತ್ತಿರ, ಜೋರಾಗಿ.

"ಕಿರುಚಬೇಡ. ನಿನ್ನ ದನಿ ಕೇಳುತ್ತೆ ನನಗೆ, ನಿನ್ನದು ದಪ್ಪ ದನಿ," ಎಂದ ರೆಮಿ. ಸ್ವಲ್ಪ ದೂರ ಹೋದ ಮೇಲೆ, "ಉಣ್ಣೆ ಕಾಲುಚೀಲ ತಗೊಂಡು ಹೋಗು. ಅಲ್ಲಿ ನೆಲ ಎಲ್ಲ ಕಲ್ಲು," ಎಂದ. ಮತ್ತೆ ಸ್ವಲ್ಪ ದೂರ ಹೋಗಿ, "ಯೂಜೆನಿಗೆ ನೀನೇ ಹೇಳು. ನಾನು ಹೇಳಿದ್ರೆ ಅಳ್ತಾಳೆ," ಎಂದ.

ವಿಶ್ರಾಂತಿ ಗೃಹದ ಹಜಾರ ಉದ್ದಕ್ಕಿತ್ತು. ಒಂದು ಗೋಡೆಯ ತುಂಬ ಕಿಟಕಿಗಳು; ಎಲ್ಲವೂ ತೆರೆದಿದ್ದವು. ಕುರ್ಚಿಗಳನ್ನು ಆಗಲೇ ಹಾಕಿದ್ದರು, ಜನ ಇನ್ನೂ ಬಂದಿರಲಿಲ್ಲ. ಕಾವಲಿನವಳು ರೆಮಿಯನ್ನು ಪಿಯಾನೋ ಹತ್ತಿರ ಕರೆದುಕೊಂಡು ಹೋದಳು. ಸಿಡೋನಿ ಕೋಟು ತೂಗುಹಾಕುವ ಜಾಗ ಹುಡುಕಿಕೊಂಡು, ಒಂದು ಮೊಳೆಯೂ ಸಿಗದೆ, ಕೋಟು ಚೀಲ ಎರಡನ್ನೂ ಹೊತ್ತುಕೊಂಡೇ ಬಾಗಿಲಿಗೆ ಬಂದಳು. ಅಲ್ಲಿಯೇ ನಿಂತಳು.

ರೆಮಿ ಬೆಂಚಿನ ಎಡಗಡೆ ಕೂತಿದ್ದ. ಅವನು ಅಲ್ಲಿ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮೊಣಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಅವನ ಉದ್ದ ಕಾಲುಗಳು ಪೆಡಲಿನ ಸುತ್ತ ತಡಕಾಡುತ್ತಿದ್ದವು. ಮೊದಲು ಕೆಳಗಿನ ಒಂದು ಸ್ವರ ಒತ್ತಿದ, ಅದು ಪೂರ್ತಿ ಆರುವವರೆಗೆ ಕೇಳುತ್ತ ಕಾದ. ಆಮೇಲೆ ಅವಳ ಅಲೆಗಳನ್ನು ಒಂದೊಂದಾಗಿ, ತಪ್ಪುತ್ತ, ನಿಲ್ಲುತ್ತ, ಹಿಂದೆ ಹೋಗಿ ಮತ್ತೆ ಹಿಡಿಯುತ್ತ ನುಡಿಸತೊಡಗಿದ. ಮೇಲೆ ರಾಗವಿರಲಿಲ್ಲ. ಬೆಂಚಿನ ಬಲ ಅರ್ಧ ಖಾಲಿಯಿತ್ತು. ಅವನ ತಲೆ ಪಿಯಾನೋದ ಮರದ ಕಡೆ ಬಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಅವಳು ಈ ಅಲೆಗಳನ್ನು ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ಕಾವಲಿನವಳು ಬಂದು, "ನೀವೂ ಕೂತ್ಕೊಳ್ಳಿ ಮದಾಮ್, ಇನ್ನೂ ಟೈಮ್ ಇದೆ," ಎಂದು ಪಿಸುಗುಟ್ಟಿದಳು. ಸಿಡೋನಿ ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಕೋಟು ಅವಳ ತೋಳಿನ ಮೇಲೆ ಭಾರವಾಗಿತ್ತು. ತೆರೆದ ಕಿಟಕಿಗಳಿಂದ ಪೈನ್ ಮರಗಳ ಗಾಳಿ ಬಂದು ಖಾಲಿ ಕುರ್ಚಿಗಳ ಮೇಲಿಟ್ಟಿದ್ದ ಕಂಬಳಿಗಳ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು.